ಚಾರ್ಟರ್ ಶಾಲೆಗಳ ಬ್ಯಾಕ್ ಆಫೀಸ್ ಸೇವೆ: ಲೆಕ್ಕ ಅವರದು, ಹೊಣೆ ನಿಮ್ಮದೇ

ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಚಾರ್ಟರ್ ಶಾಲೆ ತೆರೆಯುವವರ ಮೇಜಿನ ಮೇಲೆ ಬೇಗನೆ ಬಂದು ಕೂರುವ ಕರಾರು ಪತ್ರಗಳಲ್ಲಿ ಬ್ಯಾಕ್ ಆಫೀಸ್ ಕಂಪನಿಯದೂ ಒಂದು. ಲೆಕ್ಕಪತ್ರ, ಸಂಬಳ ಬಟವಾಡೆ, ಹಾಜರಿ ವರದಿ, ಬಜೆಟ್, ಆಡಿಟ್ ತಯಾರಿ ಎಲ್ಲ ನಮಗೆ ಬಿಡಿ, ನೀವು ಮಕ್ಕಳನ್ನು ನೋಡಿಕೊಳ್ಳಿ ಎನ್ನುವುದು ಅದರ ಸಾರ. ಇಲ್ಲಿ ತೂಗಿ ನೋಡುತ್ತಿರುವುದು ಯಾವುದೋ ಒಂದು ಕಂಪನಿಯನ್ನಲ್ಲ, ಈ ಬಗೆಯ ಸೇವೆಯನ್ನೇ. ಕರಾರುಗಳ ಅಚ್ಚು ಹೆಚ್ಚುಕಡಿಮೆ ಒಂದೇ ಇರುವುದರಿಂದ ಹಾಗೆ ನೋಡುವುದೇ ಅನುಕೂಲ.

ತೀರ್ಪು ಮೊದಲೇ ಹೇಳಿಬಿಡೋಣ: 5ಕ್ಕೆ 3.5. ಮೊದಲ ಮೂರು ವರ್ಷ ಇದಿಲ್ಲದೆ ಶಾಲೆ ನಡೆಸುವುದು ದುಸ್ಸಾಹಸ. ಆದರೆ "ನಮಗೆ ಬಿಡಿ" ಎಂಬ ಮಾತನ್ನು ಅಕ್ಷರಶಃ ನಂಬಿ ಕೂತ ಮುಖ್ಯಸ್ಥರು ಎರಡನೆಯ ವರ್ಷಕ್ಕೇ ಕೈ ಸುಟ್ಟುಕೊಳ್ಳುತ್ತಾರೆ. ಶಾಲೆಯ ಹಣ ಹುಟ್ಟುವುದು ತರಗತಿಯ ಬಾಗಿಲಲ್ಲಿ ಮತ್ತು ಶಾಲೆಯ ಆಫೀಸಿನ ಕೌಂಟರಿನಲ್ಲಿ. ಕಂಪನಿಗೆ ತಲುಪುವುದು ಅಲ್ಲಿ ಹುಟ್ಟಿದ ಅಂಕಿ ಮಾತ್ರ. ಹುಟ್ಟುವಾಗಲೇ ಊನವಾದ ಅಂಕಿಯನ್ನು ಎಂಥ ಲೆಕ್ಕಿಗನೂ ನೆಟ್ಟಗೆ ಮಾಡಲಾರ.

ಹಿನ್ನೆಲೆ ಎರಡೇ ಮಾತಿನಲ್ಲಿ. ಅಮೆರಿಕದಲ್ಲಿ ಚಾರ್ಟರ್ ಶಾಲೆ ಎಂದರೆ ಸರ್ಕಾರಿ ದುಡ್ಡಿನಲ್ಲಿ ನಡೆಯುವ, ಫೀಸಿಲ್ಲದ, ಆದರೆ ಸ್ಕೂಲ್ ಡಿಸ್ಟ್ರಿಕ್ಟಿನ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ನೇರ ಆಡಳಿತದಿಂದ ಹೊರಗಿರುವ ಶಾಲೆ. ಮಿನೆಸೋಟ 1991ರಲ್ಲಿ ಮೊದಲ ಕಾನೂನು ಮಾಡಿತು, ಮರುವರ್ಷ ಕ್ಯಾಲಿಫೋರ್ನಿಯಾ. ಅನುಮತಿ ಕೊಟ್ಟು ಮೇಲ್ವಿಚಾರಣೆ ಮಾಡುವ ಸಂಸ್ಥೆಗೆ ಆಥರೈಸರ್ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಅದು ಸ್ಥಳೀಯ ಡಿಸ್ಟ್ರಿಕ್ಟ್ ಅಥವಾ ಕೌಂಟಿ ಬೋರ್ಡ್. ಮಾಮೂಲಿ ಸರ್ಕಾರಿ ಶಾಲೆಯ ಪ್ರಿನ್ಸಿಪಾಲರಿಗೆ ಸಂಬಳ, ಕಟ್ಟಡ, ದತ್ತಾಂಶ, ವಿಶೇಷ ಶಿಕ್ಷಣ ಎಲ್ಲಕ್ಕೂ ಡಿಸ್ಟ್ರಿಕ್ಟ್ ಕಚೇರಿಯಲ್ಲಿ ಬೇರೆ ಬೇರೆ ವಿಭಾಗಗಳಿರುತ್ತವೆ. ಚಾರ್ಟರ್ ಶಾಲೆಯಲ್ಲಿ ಅಷ್ಟೂ ವಿಭಾಗ ಒಂದೇ ಕುರ್ಚಿಯಲ್ಲಿ ಕೂತಿರುತ್ತವೆ. ಆ ಕುರ್ಚಿಯಲ್ಲಿ ಕೂತವರು ಬಹುಪಾಲು ಒಳ್ಳೆಯ ಶಿಕ್ಷಕರಾಗಿದ್ದು ಮೇಲೆ ಬಂದವರು. ಸಾಲಿಯಾನ ಲೆಕ್ಕ ಮುಗಿಸಿ ಗೊತ್ತಿದ್ದವರಲ್ಲ. ಬ್ಯಾಕ್ ಆಫೀಸ್ ಸೇವೆಗೆ ಗಿರಾಕಿ ಹುಟ್ಟುವುದು ಇಲ್ಲೇ.

ಹಾಜರಿ: ಎಲ್ಲಕ್ಕಿಂತ ಮುಖ್ಯ ಜಾಗ, ಸೇವೆ ಎಲ್ಲಕ್ಕಿಂತ ತೆಳುವಾಗಿರುವ ಜಾಗ

ಕ್ಯಾಲಿಫೋರ್ನಿಯಾ ಹಣ ಕೊಡುವುದು ದಾಖಲಾದ ಮಕ್ಕಳ ಸಂಖ್ಯೆಗಲ್ಲ, ದಿನದ ಸರಾಸರಿ ಹಾಜರಿಗೆ, ಅಂದರೆ ಎಡಿಎಗೆ. ಮಕ್ಕಳು ಬಂದ ಒಟ್ಟು ದಿನಗಳನ್ನು ಶಾಲೆ ನಡೆದ ದಿನಗಳಿಂದ ಭಾಗಿಸಿದರೆ ಎಡಿಎ. ಜ್ವರ ಬಂದು ಮಲಗಿದ ಮಗುವಿಗೂ ಹೇಳದೆ ಕೇಳದೆ ತಪ್ಪಿಸಿಕೊಂಡ ಮಗುವಿಗೂ ಆ ದಿನ ಸಿಗುವುದು ಒಂದೇ, ಸೊನ್ನೆ. ಇದರಲ್ಲಿ ನಿರ್ಣಾಯಕವಾದದ್ದು ಪಿ-2 ಎಂಬ ಅವಧಿ: ಜುಲೈ 1ರಿಂದ, ಏಪ್ರಿಲ್ 15ಕ್ಕೆ ಅಥವಾ ಅದಕ್ಕೆ ಮುಂಚೆ ಮುಗಿಯುವ ಕೊನೆಯ ಪೂರ್ಣ ಶಾಲಾ ತಿಂಗಳವರೆಗೆ. ಇದಕ್ಕೂ ಮುಂಚಿನ ಪಿ-1 ಡಿಸೆಂಬರ್ ಕೊನೆಗೆ ನಿಲ್ಲುತ್ತದೆ.

ಡಿಸ್ಟ್ರಿಕ್ಟುಗಳಿಗೆ ಒಂದು ಮೆತ್ತೆ ಇದೆ. ಈ ವರ್ಷದ ಹಾಜರಿ, ಹೋದ ವರ್ಷದ್ದು, ಹಿಂದಿನ ಮೂರು ವರ್ಷಗಳ ಸರಾಸರಿ, ಈ ಮೂರರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ. ಚಾರ್ಟರ್ ಶಾಲೆಗೆ ಆ ಮೆತ್ತೆ ಇಲ್ಲ, ಈ ವರ್ಷ ಬಿದ್ದರೆ ಪೆಟ್ಟು ಈ ವರ್ಷವೇ. ಆದ್ದರಿಂದ ಹಾಜರಿಯಲ್ಲಿ ನುಸುಳುವ ಸಣ್ಣ ತಪ್ಪೂ ನೇರ ಸಂಬಳದ ಖಾತೆಗೆ ಹೋಗಿ ಮುಟ್ಟುತ್ತದೆ.

ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ತಡವಾಗಿ ಬಂದ ಮಕ್ಕಳದು. ಶಿಕ್ಷಕರು 8:30ಕ್ಕೆ ಗೈರು ಎಂದು ಒತ್ತುತ್ತಾರೆ. ಮಗು 8:50ಕ್ಕೆ ಆಫೀಸಿನಲ್ಲಿ ಸಹಿ ಹಾಕಿ, ಚೀಟಿ ತೆಗೆದುಕೊಂಡು ತರಗತಿಗೆ ಹೋಗುತ್ತದೆ. ಆಫೀಸಿನವರು ಸಾಫ್ಟ್‌ವೇರಿನಲ್ಲಿ ಗೈರು ಕೋಡನ್ನು ತಡ ಎಂದು ತಿದ್ದದೆ ಬಿಟ್ಟರೆ, ಶಾಲೆಯಲ್ಲೇ ಕೂತು ಪಾಠ ಕೇಳಿದ ಮಗುವಿಗೆ ಹಣವಿಲ್ಲ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಇಂಥ ಐದು ಮಕ್ಕಳು, ಪಿ-2ರ ಹೊತ್ತಿಗೆ 130 ಶಾಲಾ ದಿನ ಎಂದುಕೊಂಡರೆ 650 ಹಾಜರಿ ದಿನ ಹೋಯಿತು. 130ರಿಂದ ಭಾಗಿಸಿದರೆ 5 ಎಡಿಎ. ಒಂದು ಎಡಿಎಗೆ 12,000 ಡಾಲರ್ ಎಂದು ಇಟ್ಟುಕೊಂಡರೂ 60,000 ಡಾಲರ್. ಒಬ್ಬ ಸಹಾಯಕ ಸಿಬ್ಬಂದಿಯನ್ನು ಇಟ್ಟುಕೊಳ್ಳಬಹುದಾದ ದುಡ್ಡು, ಒಂದು ಕೋಡ್ ತಿದ್ದದೆ ಬಿಟ್ಟದ್ದಕ್ಕೆ ಹೋದದ್ದು.

ಕಂಪನಿ ಇದನ್ನು ಹಿಡಿಯುತ್ತದೆಯೇ? ಇಲ್ಲ. ಅವರಿಗೆ ಕಾಣುವುದು ತಿಂಗಳ ಮೊತ್ತ. ಹಾಜರಿ ಶೇಕಡ 93.4 ಎಂಬ ಅಂಕಿಯ ಹಿಂದೆ ಜ್ವರ ಎಷ್ಟು, ತಿದ್ದದೆ ಉಳಿದ ಕೋಡ್ ಎಷ್ಟು ಎಂದು ದೂರದಲ್ಲಿ ಕೂತವರಿಗೆ ತಿಳಿಯುವ ದಾರಿಯಿಲ್ಲ. ಶಾಲೆಯೊಳಗೇ ಮಾಡಬೇಕಾದ ಕ್ರಮ ಇಷ್ಟು: ಮೊದಲ ಪೀರಿಯಡ್ ಶುರುವಾದ ಅರ್ಧ ಗಂಟೆಯೊಳಗೆ ಎಲ್ಲ ತರಗತಿಗಳ ಹಾಜರಿ ಬಂದಿದೆಯೇ ಎಂದು ಆಫೀಸು ನೋಡುವುದು, ಬಾರದ ತರಗತಿಗೆ ಫೋನ್ ಮಾಡುವುದು, ಆಮೇಲೆ ಗೈರಾದ ಮಕ್ಕಳ ಮನೆಗೆ ಕರೆ ಮಾಡುವುದು. ತಡವಾಗಿ ಬಂದವರ ಸಹಿ ಪುಸ್ತಕವನ್ನು ಸಾಫ್ಟ್‌ವೇರಿನ ಪಟ್ಟಿಯ ಪಕ್ಕ ಇಟ್ಟು ಅದೇ ದಿನ ಸಂಜೆ ತಾಳೆ ನೋಡುವುದು. ವಾರದ ಕೊನೆಗೆ ಶಿಕ್ಷಕರ ಸಹಿ ಪಡೆಯುವುದು. ದಾಖಲೆ ಅಂದಂದೇ ಹುಟ್ಟಿರಬೇಕು. ತಿಂಗಳು ಕಳೆದ ಮೇಲೆ ನೆನಪಿನಿಂದ ತುಂಬಿದ ಹಾಜರಿಯನ್ನು ಆಡಿಟರ್ ಒಪ್ಪುವುದಿಲ್ಲ. ಒಪ್ಪದಿದ್ದರೆ ಆಡಿಟ್ ವರದಿಯಲ್ಲಿ ಆಕ್ಷೇಪ ಕೂರುತ್ತದೆ, ಬಂದ ಹಣವನ್ನು ರಾಜ್ಯ ವಾಪಸ್ ಕೇಳುತ್ತದೆ.

ಇನ್ನೊಂದು ಬಲೆ, ದಾಖಲಾಗಿ ಒಂದು ದಿನವೂ ಬಾರದ ಮಕ್ಕಳು. ಮೊದಲ ದಿನ ಬಾರದ ಹೆಸರನ್ನು "ನಾಳೆ ಬಂದಾರು" ಎಂದು ಮೂರು ವಾರ ಪಟ್ಟಿಯಲ್ಲಿ ಉಳಿಸಿಕೊಳ್ಳುವ ಆಸೆ ಎಲ್ಲ ಶಾಲೆಗೂ ಇರುತ್ತದೆ, ಬೋರ್ಡಿಗೆ, ಅಂದರೆ ಶಾಲೆಯ ಆಡಳಿತ ಮಂಡಳಿಗೆ, ತೋರಿಸಲು ಸಂಖ್ಯೆ ಚೆನ್ನಾಗಿರುತ್ತದಲ್ಲ. ಆದರೆ ಆ ಮಗು ಇನ್ನೊಂದು ಶಾಲೆಗೆ ಸೇರಿರುತ್ತದೆ. ಅಕ್ಟೋಬರಿನ ಮೊದಲ ಬುಧವಾರ ರಾಜ್ಯದ ಕ್ಯಾಲ್‌ಪ್ಯಾಡ್ಸ್ ದತ್ತಾಂಶ ವ್ಯವಸ್ಥೆಗೆ ಗಣತಿ ದಿನ. ಒಂದೇ ಮಗುವನ್ನು ಎರಡು ಶಾಲೆಗಳು ತಮ್ಮದೆಂದು ಹೇಳಿದರೆ ತಕರಾರು ಏಳುತ್ತದೆ, ಅದನ್ನು ಬಿಡಿಸಲು ಎರಡೂ ಕಡೆಯ ಆಫೀಸಿನವರು ಫೋನಿಗೆ ಅಂಟಿಕೊಳ್ಳಬೇಕಾಗುತ್ತದೆ.

ಮನೆಯಿಂದಲೇ ಓದುವ ಇಂಡಿಪೆಂಡೆಂಟ್ ಸ್ಟಡಿ ಇಟ್ಟುಕೊಂಡ ಶಾಲೆಗಳಿಗೆ ಇನ್ನೊಂದು ಗೆರೆ ಇದೆ. ಬೋಧನೆಯಲ್ಲಿ ಶೇಕಡ 80ರಷ್ಟು ತರಗತಿಯೊಳಗೆ ನಡೆಯದಿದ್ದರೆ ಶಾಲೆಯನ್ನು ತರಗತಿಯೇತರ ಎಂದು ಎಣಿಸುತ್ತಾರೆ, ಹಣದ ನಿಯಮಗಳೇ ಬದಲಾಗುತ್ತವೆ. ಹಾಜರಿಯ ಮಟ್ಟಿಗೆ ಈ ಒಂದು ವಿಷಯದಲ್ಲಿ ಮಾತ್ರ ಒಳ್ಳೆಯ ಕಂಪನಿ ತನ್ನ ಫೀಸಿಗೆ ತಕ್ಕ ಕೆಲಸ ಮಾಡುತ್ತದೆ. ಪ್ರತಿ ತಿಂಗಳು ಆ ಅನುಪಾತವನ್ನು ಲೆಕ್ಕಹಾಕಿ ಮುಖ್ಯಸ್ಥರಿಗೆ ಕಳಿಸುತ್ತದೆ. ನಿಮ್ಮ ಕಂಪನಿ ಕಳಿಸುತ್ತಿಲ್ಲವಾದರೆ ಕೇಳಿ. 2019ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಬಯಲಾದ ಆನ್‌ಲೈನ್ ಚಾರ್ಟರ್ ಜಾಲದ ಮೊಕದ್ದಮೆಯ ನಂತರ ಈ ಬಗೆಯ ಹಾಜರಿಯ ಕಡತವನ್ನು ಯಾವ ಆಡಿಟರೂ ಮೇಲುಮೇಲಕ್ಕೆ ನೋಡಿ ಮುಚ್ಚುವುದಿಲ್ಲ.

ಒಂದು ಫಾರಂ ಎಷ್ಟು ಬಾಳುತ್ತದೆ

ರಾಜ್ಯದ ಅನುದಾನ ಸೂತ್ರದಲ್ಲಿ ಮೂಲ ಮೊತ್ತದ ಮೇಲೆ ಎರಡು ಹೆಚ್ಚುವರಿಗಳಿವೆ. ಬಡ ಮನೆಯ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಫಾಸ್ಟರ್ ಕೇರಿನಲ್ಲಿರುವವರು (ಸರ್ಕಾರ ಬೇರೆಯವರ ಆರೈಕೆಗೆ ಒಪ್ಪಿಸಿದ ಮಕ್ಕಳು) ಒಟ್ಟಿಗೆ ಶೇಕಡ ಎಷ್ಟೋ ಅದರ ಮೇಲೆ ಮೂಲ ಮೊತ್ತದ ಶೇಕಡ 20. ಆ ಪ್ರಮಾಣ ಶೇಕಡ 55 ದಾಟಿದರೆ ದಾಟಿದ ಭಾಗಕ್ಕೆ ಇನ್ನೂ ಶೇಕಡ 65. ಪ್ರಮಾಣವನ್ನು ಮೂರು ವರ್ಷದ ಸರಾಸರಿಯಲ್ಲಿ ತೆಗೆಯುತ್ತಾರೆ. ಚಾರ್ಟರ್ ಶಾಲೆಗೆ ಎರಡನೆಯ ಹೆಚ್ಚುವರಿಯಲ್ಲಿ ಒಂದು ಮಿತಿಯೂ ಉಂಟು: ಶಾಲೆ ಇರುವ ಡಿಸ್ಟ್ರಿಕ್ಟಿನ ಪ್ರಮಾಣಕ್ಕಿಂತ ಮೇಲೆ ಎಣಿಸುವಂತಿಲ್ಲ.

ತೊಂದರೆ ಬರುವುದು ಮಗು ಬಡ ಮನೆಯದೆಂದು ಎಣಿಸಲು ಪೋಷಕರು ತುಂಬಿಕೊಡಬೇಕಾದ ಆದಾಯದ ಫಾರಂನಲ್ಲಿ. ಎಲ್ಲ ಮಕ್ಕಳಿಗೂ ಉಚಿತ ಊಟ ಬಂದ ಮೇಲೆ ಪೋಷಕರಿಗೆ ಆ ಫಾರಂ ತುಂಬುವ ದರ್ದು ಉಳಿಯಲಿಲ್ಲ. 300 ಮಕ್ಕಳ ಶಾಲೆಯಲ್ಲಿ ಅರ್ಹರಾದ 10 ಮಕ್ಕಳ ಫಾರಂ ಬರಲಿಲ್ಲ ಎನ್ನೋಣ. ಪ್ರಮಾಣ 3.3 ಅಂಶ ಇಳಿಯಿತು. ಮೂಲ ಮೊತ್ತ 28.5 ಲಕ್ಷ ಡಾಲರ್ ಎಂದು ಹಿಡಿದರೆ ಮೊದಲ ಹೆಚ್ಚುವರಿಯಲ್ಲೇ ಸುಮಾರು 19,000 ಡಾಲರ್ ನಷ್ಟ. ಶಾಲೆ 55ರ ಗೆರೆಯ ಮೇಲಿದ್ದು, ಡಿಸ್ಟ್ರಿಕ್ಟಿನ ಮಿತಿ ಅಡ್ಡ ಬರದಿದ್ದರೆ ಇನ್ನೂ ಸುಮಾರು 62,000. ಸರಾಸರಿಯ ಕಾರಣ ಇದು ಒಂದೇ ಏಟಿಗೆ ಬೀಳದೆ ಮೂರು ವರ್ಷದಲ್ಲಿ ಹರಡಿಕೊಂಡು ಬೀಳುತ್ತದೆ, ಹಾಗಾಗಿ ಬಜೆಟ್ಟಿನಲ್ಲಿ ಕಣ್ಣಿಗೆ ಬೀಳುವುದೂ ಇಲ್ಲ. ಫಾರಂ ಸಂಗ್ರಹಕ್ಕೆ ಅಕ್ಟೋಬರ್ 31 ಗಡಿ. ಕಂಪನಿಯ ಕರಾರಿನಲ್ಲಿ "ಕ್ಯಾಲ್‌ಪ್ಯಾಡ್ಸ್ ಸಹಾಯ" ಎಂದಿದ್ದರೆ ಅದು ಫೈಲು ಅಪ್‌ಲೋಡ್ ಮಾಡಿ ದೋಷ ತಿದ್ದುವ ಕೆಲಸ ಅಷ್ಟೆ. ಅಮ್ಮಂದಿರನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು, ಅವರ ಭಾಷೆಯಲ್ಲಿ ವಿವರಿಸಿ, ಫಾರಂ ತುಂಬಿಸಿಕೊಳ್ಳುವುದು ಶಾಲೆಯ ಕೆಲಸ. ಸೆಪ್ಟೆಂಬರಿನಲ್ಲಿ ಪೋಷಕರ ಸಭೆ ಇಟ್ಟು ಬಾಗಿಲಲ್ಲೇ ಮೇಜು ಹಾಕುವುದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಯಾರೂ ಕಂಡುಹಿಡಿದಿಲ್ಲ.

ನಗದು

ಹೆಚ್ಚಿನ ಬ್ಯಾಕ್ ಆಫೀಸ್ ವರದಿಗಳಲ್ಲಿ ಮೊದಲ ಪುಟ ಆದಾಯ ಮತ್ತು ಖರ್ಚು. ಅದು ಚೆನ್ನಾಗಿಯೇ ಇರುತ್ತದೆ. ಆದರೆ ಲಾಭದಲ್ಲಿರುವ ಶಾಲೆಯೂ ಸಂಬಳದ ದಿನ ಬರಿಗೈಯಲ್ಲಿ ನಿಲ್ಲಬಹುದು. ರಾಜ್ಯದ ಕಂತುಗಳು ಬರುವ ರೀತಿ ನೋಡಿ: ಜುಲೈ, ಆಗಸ್ಟಿನಲ್ಲಿ ಶೇಕಡ 5ರಂತೆ, ಸೆಪ್ಟೆಂಬರಿನಿಂದ ಜೂನ್‌ವರೆಗೆ ಶೇಕಡ 9ರಂತೆ. ಆಗಸ್ಟಿನಲ್ಲಿ ಶಿಕ್ಷಕರು ಕೆಲಸಕ್ಕೆ ಬಂದಾಗಿರುತ್ತದೆ, ಪುಸ್ತಕ, ಮೇಜು, ಲ್ಯಾಪ್‌ಟಾಪ್ ಬಿಲ್ ಬಂದಿರುತ್ತದೆ, ವರ್ಷದ ವಿಮೆ ಕಟ್ಟಬೇಕಾಗಿರುತ್ತದೆ. ಕೈಗೆ ಬಂದದ್ದು ಮಾತ್ರ ನೂರಕ್ಕೆ ಐದು.

ಇದರ ಮೇಲೆ ಇನ್ನೊಂದು ಗಂಟು. ವರ್ಷದ ಮೊದಲರ್ಧದ ಕಂತುಗಳು ಹೋದ ವರ್ಷದ ಹಾಜರಿಯ ಮೇಲೆ ನಿಂತಿವೆ. ಫೆಬ್ರವರಿಯಲ್ಲಿ ಪಿ-1 ಬಂದ ಮೇಲೆ, ಮತ್ತೆ ಜೂನಿನಲ್ಲಿ ಪಿ-2 ಬಂದ ಮೇಲೆ ಸರಿಹೊಂದುತ್ತವೆ. 200 ಮಕ್ಕಳಿದ್ದ ಶಾಲೆ 300ಕ್ಕೆ ಬೆಳೆದರೆ ಜನವರಿಯವರೆಗೆ ಬರುವುದು 200ರ ಹಣ, ಸಂಬಳ ಕೊಡಬೇಕಾದದ್ದು 300ಕ್ಕೆ ಬೇಕಾದ ಶಿಕ್ಷಕರಿಗೆ. ಹೊಸ ಶಾಲೆಗಳಿಗೆ, ಮತ್ತು ಹೊಸ ತರಗತಿ ಸೇರಿಸಿ ಬೆಳೆಯುತ್ತಿರುವ ಶಾಲೆಗಳಿಗೆ ವಿಶೇಷ ಮುಂಗಡ ಉಂಟು. ಅದಕ್ಕೆ ಪೆನ್ಸೆಕ್ ಎಂಬ ಅಂದಾಜು ವರದಿಯನ್ನು ಜುಲೈ ಕೊನೆಯೊಳಗೆ ಹಾಕಬೇಕು, ಆಮೇಲೆ ಮೊದಲ 20 ದಿನಗಳ ಹಾಜರಿ ಕೊಡಬೇಕು. ಬ್ಯಾಕ್ ಆಫೀಸ್ ಕಂಪನಿ ಈ ಒಂದು ವರದಿಯನ್ನು ತಪ್ಪಿಸಿತೆಂದರೆ ಬೇರೆ ಯಾವ ಒಳ್ಳೆಯತನವೂ ಅದನ್ನು ಉಳಿಸಬಾರದು, ಆ ವರ್ಷವೇ ಕರಾರು ಮುರಿಯಲು ಅದು ಸಾಕಾದ ಕಾರಣ.

ಕೈಗೆ ಹಣ ಬಾರದಾಗ ಶಾಲೆಗಳು ಮಾಡುವುದು ಬರಬೇಕಾದ ಕಂತನ್ನೇ ಮಾರುವುದು. 3 ಲಕ್ಷ ಡಾಲರಿನ ಬಾಕಿಯನ್ನು ಶೇಕಡ 2 ಕಡಿತಕ್ಕೆ ಮಾರಿದರೆ 6,000 ಡಾಲರ್ ಹೋಗುತ್ತದೆ, ಕೇಳಲು ಕಡಿಮೆಯೇ. ಆದರೆ ಆ ಕಂತು ಎರಡೇ ತಿಂಗಳಲ್ಲಿ ಬರುವುದಿದ್ದರೆ ಅದು ವರ್ಷಕ್ಕೆ ಶೇಕಡ 12ರ ಸಾಲ. ಹೊಸ ಶಾಲೆಗಳು ಮೊದಲು ನೋಡಬೇಕಾದದ್ದು ರಾಜ್ಯದ ರಿವಾಲ್ವಿಂಗ್ ಲೋನ್ ನಿಧಿಯನ್ನು: 2.5 ಲಕ್ಷ ಡಾಲರ್‌ವರೆಗೆ, ಐದು ವರ್ಷದವರೆಗೆ ತೀರಿಸುವ ಅವಕಾಶ. ಅರ್ಜಿಗೆ ಸಮಯ ಹಿಡಿಯುವುದರಿಂದ ಆಗಸ್ಟಿನಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಕಂಪನಿಯೇ ಸಾಲದ ಏಜೆಂಟನನ್ನು ಕರೆತಂದರೆ ಆ ಇಬ್ಬರ ನಡುವೆ ಏನು ಸಂಬಂಧ ಎಂದು ಲಿಖಿತವಾಗಿ ಕೇಳಿ. 2019ರ ಎಸ್‌ಬಿ 126 ಕಾಯ್ದೆಯ ನಂತರ ಹಿತಾಸಕ್ತಿ ಸಂಘರ್ಷ ತಡೆಯುವ ಗವರ್ನಮೆಂಟ್ ಕೋಡ್ 1090 ಚಾರ್ಟರ್ ಶಾಲೆಗಳಿಗೂ ಅನ್ವಯಿಸುತ್ತದೆ. ಸಲಹೆ ಕೊಟ್ಟವರೇ ಆ ಕರಾರಿನಲ್ಲಿ ಲಾಭ ಮಾಡಿಕೊಂಡರೆ ಕರಾರೇ ಅಸಿಂಧುವಾಗಬಹುದು, ಕೋರ್ಟಿನ ಮೆಟ್ಟಿಲು ಹತ್ತಬೇಕಾದವರು ಶಾಲೆಯವರು.

ಆದ್ದರಿಂದ ಲೆಕ್ಕ ಬರೆಯುವುದನ್ನು ಹೊರಗೆ ಕೊಡಿ, ನಗದು ಅಂದಾಜನ್ನು ಮಾತ್ರ ಕೈಬಿಡಬೇಡಿ. ಮುಂದಿನ 12 ತಿಂಗಳಿಗೆ ಒಂದೇ ಹಾಳೆ ಸಾಕು: ತಿಂಗಳ ಮೊದಲ ದಿನದ ಬ್ಯಾಂಕ್ ಬಾಕಿ, ಬರುವ ಕಂತು, ಸಂಬಳ, ಬಾಡಿಗೆ, ಪಿಂಚಣಿ ವಂತಿಗೆ, ಉಳಿದದ್ದು. ಅತಿ ಕಡಿಮೆ ಬಾಕಿ ಯಾವ ತಿಂಗಳ ಯಾವ ವಾರದಲ್ಲಿ ಎಂದು ಮುಖ್ಯಸ್ಥರಿಗೆ ಬಾಯಿಪಾಠ ಇರಬೇಕು. ಆಥರೈಸರುಗಳು ಸಾಮಾನ್ಯವಾಗಿ ನೋಡುವ ಅಳತೆಗಳಲ್ಲಿ ಒಂದು, ಹೊಸದಾಗಿ ಒಂದು ಡಾಲರೂ ಬಾರದಿದ್ದರೆ ಇರುವ ನಗದಿನಲ್ಲಿ ಎಷ್ಟು ದಿನ ನಡೆಯುತ್ತದೆ ಎಂಬುದು. 60 ದಿನ ಇದ್ದರೆ ನಿರಾಳ, 30ಕ್ಕಿಂತ ಕೆಳಗಿಳಿದರೆ ಪತ್ರಗಳು ಬರತೊಡಗುತ್ತವೆ. 2020-21ರಲ್ಲಿ ರಾಜ್ಯ ಫೆಬ್ರವರಿಯಿಂದ ಮುಂದಿನ ಕಂತುಗಳ ಭಾಗವನ್ನು ಮುಂದಿನ ಹಣಕಾಸು ವರ್ಷಕ್ಕೆ ದೂಡಿದಾಗ ಈ ಹಾಳೆ ಇಟ್ಟುಕೊಂಡವರಿಗೂ ಇಲ್ಲದವರಿಗೂ ಇದ್ದ ಅಂತರ ಚೆನ್ನಾಗಿ ಕಂಡಿತು.

ಸಂಬಳ ಮತ್ತು ಪಿಂಚಣಿ: ಇಲ್ಲಿ ಸೇವೆ ನಿಜಕ್ಕೂ ಉಪಕಾರಿ

ಕ್ಯಾಲಿಫೋರ್ನಿಯಾದ ಶಿಕ್ಷಕರ ಪಿಂಚಣಿ ವ್ಯವಸ್ಥೆ ಕ್ಯಾಲ್‌ಸ್ಟರ್ಸ್. ಶಾಲೆ ಕಟ್ಟಬೇಕಾದ ಪಾಲು ಈಚಿನ ವರ್ಷಗಳಲ್ಲಿ ಸಂಬಳದ ಶೇಕಡ 19.1. ಇದರಲ್ಲಿರುವ ಶಿಕ್ಷಕರಿಗೆ ಕೇಂದ್ರದ ಪಿಂಚಣಿ ಯೋಜನೆಯಾದ ಸೋಶಿಯಲ್ ಸೆಕ್ಯೂರಿಟಿ ಕಡಿತವಿಲ್ಲ. ಆಫೀಸು ಸಿಬ್ಬಂದಿಯ ದಾರಿ ಬೇರೆ. ಯಾರು ಯಾವ ಪೆಟ್ಟಿಗೆಗೆ ಎಂಬುದು ತಪ್ಪಿದರೆ ಎರಡು ಮೂರು ವರ್ಷದ ಕಡಿತಗಳನ್ನು ಹಿಂದಕ್ಕೆ ಹೋಗಿ ತಿದ್ದಬೇಕು, ಬಡ್ಡಿ ಮತ್ತು ದಂಡ ಬೇರೆ. ಬದಲಿ ಶಿಕ್ಷಕರ ವಿಷಯದಲ್ಲಿ ಈ ತಪ್ಪು ಹೆಚ್ಚು: ಒಂದು ಶಾಲಾ ವರ್ಷದಲ್ಲಿ 100 ದಿನ ಕೆಲಸ ಮಾಡಿದ ಬದಲಿ ಶಿಕ್ಷಕರು ಸದಸ್ಯರಾಗಲೇಬೇಕು, ಆದರೆ ದಿನ ಎಣಿಸುವವರು ಯಾರು? ಅನುಭವವಿರುವ ಬ್ಯಾಕ್ ಆಫೀಸ್ ಇದನ್ನು ಎಣಿಸುತ್ತದೆ. ಸಂಜೆ ಕ್ಲಬ್ಬಿನ ಭತ್ಯೆ, ಕೋಚಿಂಗ್ ಭತ್ಯೆಗಳನ್ನು ಮೂಲ ಸಂಬಳದ ಜೊತೆ ಕಲಸದೆ ಬೇರೆಯಾಗಿ ವರದಿ ಮಾಡುತ್ತದೆ. ಸಾಮಾನ್ಯ ಪೇರೋಲ್ ಕಂಪನಿಗಳಿಗೆ ಈ ಸೂಕ್ಷ್ಮ ಗೊತ್ತಿರುವುದಿಲ್ಲ. ಅಗ್ಗ ಎಂದು ಅಂಥವರ ಹತ್ತಿರ ಹೋಗುವುದು ಉಳಿತಾಯವಲ್ಲ.

ಶಾಲೆಯ ಕಡೆಯಿಂದ ಇಲ್ಲಿ ಕೆಡುವುದು ಒಂದೇ, ಕಾಗದ ತಡವಾಗಿ ಹೋಗುವುದು. ಹೊಸ ನೇಮಕದ ಪತ್ರ, ಸಂಬಳದ ದರ, ಸೇರಿದ ದಿನಾಂಕ ಕಂಪನಿಗೆ ಕಟ್-ಆಫ್ ದಿನದ ನಂತರ ತಲುಪಿದರೆ ಆ ತಿಂಗಳು ಸಂಬಳ ತಪ್ಪುತ್ತದೆ. ಸಂಬಳ ತಪ್ಪಿದ ಶಿಕ್ಷಕರು ಬೈಯುವುದು ಕಂಪನಿಯನ್ನಲ್ಲ.

ದಿನಾಂಕಗಳು

ಕ್ಯಾಲೆಂಡರ್ ಕಾಯುವುದು ಈ ಕಂಪನಿಗಳ ಬಲ. ಜುಲೈ 1ಕ್ಕೆ ಬಜೆಟ್, ಸೆಪ್ಟೆಂಬರ್ 15ಕ್ಕೆ ಹಿಂದಿನ ವರ್ಷದ ಅಂತಿಮ ಲೆಕ್ಕ, ಡಿಸೆಂಬರ್ 15ಕ್ಕೆ ಮೊದಲ ಮಧ್ಯಂತರ ವರದಿ ಮತ್ತು ಆಡಿಟ್ ವರದಿ, ಮಾರ್ಚ್ 15ಕ್ಕೆ ಎರಡನೆಯ ಮಧ್ಯಂತರ. ಇವು ತಪ್ಪುವುದು ಅಪರೂಪ. ತಪ್ಪುವುದು ಇವಕ್ಕೂ ಬೋರ್ಡ್ ಸಭೆಗೂ ಇರುವ ಕೊಂಡಿ. ಚಾರ್ಟರ್ ಬೋರ್ಡುಗಳಿಗೆ ಈಗ ಸಭೆಗಳು ಜನರಿಗೆ ತೆರೆದಿರಬೇಕೆನ್ನುವ ಬ್ರೌನ್ ಕಾಯ್ದೆ ಅನ್ವಯಿಸುವುದರಿಂದ ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮುಂಚೆ, ವಿಶೇಷ ಸಭೆಯದು 24 ಗಂಟೆ ಮುಂಚೆ ಸಾರ್ವಜನಿಕವಾಗಿ ಹಾಕಿರಬೇಕು. ಕಂಪನಿ ಹಣಕಾಸು ವರದಿಯನ್ನು ಸಭೆಯ ಹಿಂದಿನ ರಾತ್ರಿ ಕಳಿಸಿದರೆ ಬೋರ್ಡ್ ಓದದೆ ಕೈ ಎತ್ತುತ್ತದೆ. "ಸಭೆಗೆ 5 ಕೆಲಸದ ದಿನ ಮುಂಚೆ" ಎಂದು ಕರಾರಿನಲ್ಲೇ ಬರೆಸಿ. ತಿಂಗಳ ಲೆಕ್ಕ ಮುಂದಿನ ತಿಂಗಳ 20ರೊಳಗೆ ಮುಗಿಯಬೇಕೆಂದೂ ಬರೆಸಿ. ಅಕ್ಟೋಬರಿನ ಖರ್ಚು ಡಿಸೆಂಬರ್ ಮಧ್ಯದಲ್ಲಿ ತಿಳಿದರೆ ತಿದ್ದಿಕೊಳ್ಳಲು ವರ್ಷದಲ್ಲಿ ಉಳಿಯುವುದೇನೂ ಇಲ್ಲ.

ಸಣ್ಣದಾದರೂ ಪದೇ ಪದೇ ಬಿಟ್ಟುಹೋಗುವ ಒಂದು ವಿಷಯ: 2012ರ ಪ್ರಾಪೊಸಿಷನ್ 30ರಿಂದ (ಪ್ರಾಪೊಸಿಷನ್ ಎಂದರೆ ಮತದಾರರೇ ಮತ ಹಾಕಿ ಒಪ್ಪುವ ಕಾನೂನು) ಬಂದ ಎಜುಕೇಶನ್ ಪ್ರೊಟೆಕ್ಷನ್ ಖಾತೆಯ ಹಣವನ್ನು ಆಡಳಿತ ಸಿಬ್ಬಂದಿಯ ಸಂಬಳಕ್ಕೆ ಬಳಸುವಂತಿಲ್ಲ. ಖರ್ಚಿನ ಯೋಜನೆಯನ್ನು ಬೋರ್ಡ್ ತೆರೆದ ಸಭೆಯಲ್ಲಿ ಒಪ್ಪಬೇಕು, ಲೆಕ್ಕ ವೆಬ್‌ಸೈಟಿನಲ್ಲಿ ಹಾಕಬೇಕು. ಕಂಪನಿ ಲೆಕ್ಕವನ್ನು ಸರಿಯಾದ ಕೋಡಿಗೆ ಹಾಕಿರುತ್ತದೆ. ವೆಬ್‌ಸೈಟಿಗೆ ಹಾಕುವುದನ್ನು ಶಾಲೆ ಮರೆತಿರುತ್ತದೆ.

ಕರಾರಿನಲ್ಲಿ ಇಲ್ಲದ್ದು

ಕಟ್ಟಡ. ಮುಖ್ಯಸ್ಥರ ನಿದ್ದೆ ಕೆಡಿಸುವ ವಿಷಯ ಇದೇ, ಬ್ಯಾಕ್ ಆಫೀಸಿನ ಪಟ್ಟಿಯಲ್ಲಿ ಇದು ಸಾಮಾನ್ಯವಾಗಿ ಇರುವುದೇ ಇಲ್ಲ. ಪ್ರಾಪೊಸಿಷನ್ 39ರ ಪ್ರಕಾರ ಡಿಸ್ಟ್ರಿಕ್ಟಿನೊಳಗಿನ ಕನಿಷ್ಠ 80 ಎಡಿಎ ಇರುವ ಚಾರ್ಟರ್ ಶಾಲೆಗೆ ಡಿಸ್ಟ್ರಿಕ್ಟ್ ತನ್ನ ಶಾಲೆಗಳಿಗೆ ಸರಿಸುಮಾರು ಸಮವಾದ ಜಾಗ ಕೊಡಬೇಕು. ಅರ್ಜಿಗೆ ಗಡಿ ನವೆಂಬರ್ 1, ಅದೂ ಮುಂದಿನ ಶಾಲಾ ವರ್ಷಕ್ಕೆ. ಡಿಸ್ಟ್ರಿಕ್ಟಿನ ಮೊದಲ ಪ್ರಸ್ತಾವ ಫೆಬ್ರವರಿ 1ಕ್ಕೆ, ಅಂತಿಮ ಪ್ರಸ್ತಾವ ಏಪ್ರಿಲ್ 1ಕ್ಕೆ, ಒಪ್ಪಿಗೆ ಸಾಮಾನ್ಯವಾಗಿ ಮೇ 1ರೊಳಗೆ. ಅರ್ಜಿಯಲ್ಲಿ ಹಾಜರಿಯನ್ನು ಉಬ್ಬಿಸಿ ಬರೆದು, ಆಮೇಲೆ ಮಕ್ಕಳು ಬಾರದಿದ್ದರೆ ಹೆಚ್ಚಾಗಿ ಪಡೆದ ಜಾಗಕ್ಕೆ ದುಡ್ಡು ಕಟ್ಟಬೇಕಾಗುತ್ತದೆ. ಈ ಅಂದಾಜಿನಲ್ಲಿ ಒಂದು ಸಂಖ್ಯೆ, ಬಜೆಟ್ಟಿನಲ್ಲಿ ಇನ್ನೊಂದು, ಆಥರೈಸರಿಗೆ ಕೊಟ್ಟ ಅರ್ಜಿಯಲ್ಲಿ ಮತ್ತೊಂದು, ಹೀಗೆ ಮೂರು ಸಂಖ್ಯೆ ಓಡಾಡುತ್ತಿರುವ ಶಾಲೆಗಳು ಕಡಿಮೆಯಿಲ್ಲ. ಒಂದೇ ಸಂಖ್ಯೆ ಎಲ್ಲ ಕಡೆ ಹೋಗುವಂತೆ ನೋಡಿಕೊಳ್ಳಲು ಒಬ್ಬರನ್ನು ಹೆಸರಿಸಿ.

ಖಾಸಗಿ ಕಟ್ಟಡದಲ್ಲಿದ್ದು, ಬಡ ಮಕ್ಕಳ ಪ್ರಮಾಣ ಶೇಕಡ 55 ಅಥವಾ ಹೆಚ್ಚಿದ್ದರೆ ಎಸ್‌ಬಿ 740 ಅನುದಾನದಲ್ಲಿ ಬಾಡಿಗೆಯ ಶೇಕಡ 75ರವರೆಗೆ ವಾಪಸ್ ಸಿಗುತ್ತದೆ, ಎಡಿಎ ಲೆಕ್ಕದ ಮಿತಿಗೆ ಒಳಪಟ್ಟು. ಮೇಲೆ ಹೇಳಿದ ಆದಾಯದ ಫಾರಂ ಇಲ್ಲೂ ಬಂದು ಕೂರುತ್ತದೆ.

ವಿಶೇಷ ಶಿಕ್ಷಣವೂ ಹೊರಗೇ. ಹಾಗೆಯೇ ಅನುಮತಿಯ ನವೀಕರಣ. 2019ರ ಎಬಿ 1505 ಪ್ರಕಾರ ಫಲಿತಾಂಶ ಮೇಲಿರುವ ಶಾಲೆಗೆ 5ರಿಂದ 7 ವರ್ಷ, ಮಧ್ಯದವರಿಗೆ 5, ಕೆಳಗಿನವರಿಗೆ ನಿರಾಕರಣೆ ಅಥವಾ 2 ವರ್ಷ. ಆದರೆ ಫಲಿತಾಂಶ ಚೆನ್ನಾಗಿದ್ದರೂ ಹಣಕಾಸು ಅಥವಾ ಆಡಳಿತದಲ್ಲಿ ಗಂಭೀರ ದೋಷವಿದ್ದರೆ ಕನಿಷ್ಠ 30 ದಿನದ ನೋಟಿಸ್ ಕೊಟ್ಟು, ತಿದ್ದಿಕೊಳ್ಳಲು ಅವಕಾಶ ಕೊಟ್ಟು, ಆಮೇಲೆ ನಿರಾಕರಿಸಬಹುದು. ಆ ನೋಟಿಸ್ ಬರುವುದು ಮುಖ್ಯಸ್ಥರ ಹೆಸರಿಗೆ. ಕಂಪನಿಯ ಹೆಸರು ಅದರಲ್ಲಿ ಎಲ್ಲೂ ಇರುವುದಿಲ್ಲ.

ಬೆಲೆ, ಮತ್ತು ಸಹಿ ಹಾಕುವ ಮುನ್ನ

ಫೀಸು ಎರಡು ಬಗೆ: ನಿಗದಿತ ಮೊತ್ತ, ಇಲ್ಲವೇ ಆದಾಯದ ಶೇಕಡಾವಾರು. ಎರಡನೆಯದರಲ್ಲಿ ಕೇಳಬೇಕಾದದ್ದು ಶೇಕಡ ಎಷ್ಟು ಎಂಬುದಕ್ಕಿಂತ ಯಾವುದರ ಶೇಕಡ ಎಂಬುದು. 45 ಲಕ್ಷ ಡಾಲರ್ ಆದಾಯಕ್ಕೆ ಶೇಕಡ 3 ಎಂದರೆ 1.35 ಲಕ್ಷ. ಮರುವರ್ಷ ಒಂದೇ ಬಾರಿ ಬರುವ 8 ಲಕ್ಷದ ಕೇಂದ್ರ ಅನುದಾನ ಸಿಕ್ಕಿತೆಂದರೆ ಕಂಪನಿಗೆ ಕೂತಲ್ಲೇ 24,000 ಹೆಚ್ಚು. ಬಾಡಿಗೆ ಅನುದಾನ, ದೇಣಿಗೆ, ಊಟದ ಮರುಪಾವತಿ, ಒಂದೇ ಸಲದ ಅನುದಾನಗಳನ್ನು ಲೆಕ್ಕದಿಂದ ಹೊರಗಿಡಿಸಿ, ಮೇಲ್ಮಿತಿ ಹಾಕಿಸಿ. ಆಥರೈಸರಿನ ಮೇಲ್ವಿಚಾರಣಾ ಶುಲ್ಕ ಬೇರೆಯೇ ಇದೆ: ಶೇಕಡ 1ರವರೆಗೆ, ಬಾಡಿಗೆಯಿಲ್ಲದಂತೆ ಕಟ್ಟಡ ಕೊಟ್ಟಿದ್ದರೆ 3ರವರೆಗೆ.

ತಪ್ಪು ಕಂಪನಿಯದಾದಾಗ ದಂಡ ಯಾರು ಕಟ್ಟುತ್ತಾರೆ ಎಂಬ ಸಾಲನ್ನು ಹುಡುಕಿ. ಕಂಪನಿಯ ಹೊಣೆಗೆ ಮಿತಿ ಹಾಕುವ ಷರತ್ತು ಕರಾರಿನ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ವೃತ್ತಿ ದೋಷದ ವಿಮೆ ಇದೆಯೇ, ಎಷ್ಟಕ್ಕೆ ಎಂದು ಪ್ರಮಾಣಪತ್ರ ತರಿಸಿ. ನಿಮ್ಮ ಲೆಕ್ಕ ನೋಡುವ ವ್ಯಕ್ತಿ ಇನ್ನೆಷ್ಟು ಶಾಲೆಗಳನ್ನು ನೋಡುತ್ತಾರೆ ಎಂಬ ಪ್ರಶ್ನೆಗೆ ಮಾರಾಟದವರು ನೇರ ಉತ್ತರ ಕೊಡುವುದಿಲ್ಲ, ಕೊಡುವವರೆಗೆ ಕೇಳಿ. ಆ ವ್ಯಕ್ತಿ ಕೆಲಸ ಬಿಟ್ಟು ಹೋಗುವುದು ಈ ಸೇವೆಯ ನಿತ್ಯದ ಕಾಯಿಲೆ. ಹೊಸಬರಿಗೆ ನಿಮ್ಮ ಶಾಲೆಯ ಇತಿಹಾಸ ಗೊತ್ತಿರುವುದಿಲ್ಲ, ಖರ್ಚುಗಳು ತಪ್ಪು ಕೋಡಿಗೆ ಬೀಳತೊಡಗುತ್ತವೆ. 4000ರ ಸಾಲಿನ ಪುಸ್ತಕ 5000ರ ಸೇವೆಯ ಸಾಲಿಗೆ ಹೋದರೆ ನಷ್ಟವಿಲ್ಲ, ಆದರೆ ಬಡ ಮಕ್ಕಳ ಓದಿಗೆಂದು ಕೊಡುವ ಕೇಂದ್ರದ ಟೈಟಲ್ 1 ಹಣದಿಂದ ಕೊಡಬೇಕಾದ ಸಂಬಳ ಸಾಮಾನ್ಯ ಹಣದಲ್ಲಿ ಕುಳಿತರೆ ವರ್ಷದ ಕೊನೆಗೆ ಒಂದು ಕಡೆ ಖರ್ಚಾಗದ ಅನುದಾನ, ಇನ್ನೊಂದು ಕಡೆ ಕೊರತೆ.

ಬ್ಯಾಂಕಿನ ವಿಷಯದಲ್ಲಿ ಸಂಕೋಚ ಬೇಡ. ಪಾವತಿ ಸಿದ್ಧಪಡಿಸುವುದು ಕಂಪನಿ, ಬಿಡುಗಡೆ ಮಾಡುವುದು ಶಾಲೆ, ದೊಡ್ಡ ಮೊತ್ತಕ್ಕೆ ಎರಡು ಸಹಿ. ಮಾರಾಟಗಾರರ ಬ್ಯಾಂಕ್ ಖಾತೆ ಬದಲಾಗಿದೆ ಎಂದು ಇಮೇಲ್ ಬಂದರೆ ಹಳೆಯ ಕಡತದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿದ ಮೇಲೆಯೇ ಬದಲಾವಣೆ. ಆ ಇಮೇಲಿನಲ್ಲೇ ಕೊಟ್ಟ ನಂಬರಿಗೆ ಫೋನ್ ಮಾಡಿದರೆ ಕಳ್ಳನೇ ಎತ್ತುತ್ತಾನೆ.

ಕಂಪನಿ ಬದಲಿಸುವಾಗ

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಲೆಕ್ಕಪತ್ರಕ್ಕೆ ಜುಲೈ 1 ಒಳ್ಳೆಯ ದಿನ, ಹಣಕಾಸು ವರ್ಷ ಅಲ್ಲಿಂದ ಶುರು. ಸಂಬಳದ ವ್ಯವಸ್ಥೆಗೆ ಜನವರಿ 1, ತೆರಿಗೆ ಪತ್ರಗಳು ಕ್ಯಾಲೆಂಡರ್ ವರ್ಷಕ್ಕೆ ಸೇರಿದವು. ಜುಲೈಯಲ್ಲಿ ಸಂಬಳವನ್ನೂ ಎತ್ತಿ ಹಾಕಿದರೆ ಜನವರಿಯಲ್ಲಿ ಎರಡು ಕಂಪನಿಗಳ ಅಂಕಿಗಳನ್ನು ಕೂಡಿಸಿ ಡಬ್ಲ್ಯೂ-2 ಎಂಬ ಸಂಬಳದ ತೆರಿಗೆ ಪತ್ರ ತಾಳೆ ನೋಡುವ ಕೆಲಸ ನಿಮ್ಮ ಆಫೀಸಿಗೆ ಬೀಳುತ್ತದೆ. ಗುತ್ತಿಗೆಯವರ 1099 ಪತ್ರಗಳಿಗೂ ಗಡಿ ಜನವರಿ 31.

ಹಳಬರಿಂದ ಪಡೆಯಬೇಕಾದದ್ದು ಪಿಡಿಎಫ್ ವರದಿಗಳಲ್ಲ. ಪೂರ್ತಿ ಲೆಡ್ಜರ್ ತೆರೆದು ತಿದ್ದಬಹುದಾದ ರೂಪದಲ್ಲಿ, ಸ್ಥಿರಾಸ್ತಿ ಪಟ್ಟಿ ಸವಕಳಿ ಸಹಿತ, ಬಾಕಿ ಇರುವ ಬಿಲ್ಲುಗಳು, ಪಿಂಚಣಿ ವರದಿಗಳ ತಿಂಗಳುವಾರು ಕಡತ ಮತ್ತು ತಿದ್ದುಪಡಿಗಳು, ಮಾರಾಟಗಾರರ ತೆರಿಗೆ ಗುರುತು ಇರುವ ಡಬ್ಲ್ಯೂ-9 ಪತ್ರಗಳು, ಅನುದಾನದ ಖರ್ಚಿನ ಲೆಕ್ಕ. ಬ್ಯಾಂಕ್, ಕ್ಯಾಲ್‌ಪ್ಯಾಡ್ಸ್, ಹಾಜರಿ ಸಾಫ್ಟ್‌ವೇರ್ ಮೂರರಲ್ಲೂ ಆಡಳಿತಾಧಿಕಾರ ಶಾಲೆಯ ಉದ್ಯೋಗಿಯೊಬ್ಬರ ಹೆಸರಿನಲ್ಲಿ ಇದೆಯೇ ಎಂದು ನೋಟಿಸ್ ಕೊಡುವ ಮುನ್ನ ನೋಡಿಕೊಳ್ಳಿ, ಕೊಟ್ಟ ಮೇಲಲ್ಲ. ಫೈಲುಗಳು ಬಂದ ಮೇಲೆ ಒಂದೊಂದನ್ನೂ ತೆರೆದು, ಜೂನ್ 30ರ ಬ್ಯಾಂಕ್ ಬಾಕಿ ಲೆಡ್ಜರಿನ ಬಾಕಿಗೆ ತಾಳೆಯಾಗುತ್ತದೆಯೇ ಎಂದು ನೋಡಿದ ನಂತರವೇ ಅವರ ಕೊನೆಯ ಬಿಲ್ ಪಾಸು ಮಾಡಿ.